ನ್ಯೂಟ್ರಾನ್ ಲಾಗ್ ಎಣ್ಣೆಯನ್ನು ಕಾಣುತ್ತದೆಯೇ? ಒಂದು ಅಭ್ಯಾಸದ ಹಾಳೆ, ನಾಲ್ಕು ಪದರಗಳು

ಪದರಗಲ್ಲು:
ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ಈ ಸಲ ಬಾವಿ ಲಾಗಿಂಗ್, ಅಂದರೆ ಕೊರೆದ ಬಾವಿಯೊಳಗೆ ಉಪಕರಣ ಇಳಿಸಿ ಆಳದುದ್ದಕ್ಕೂ ಶಿಲೆಯ ಗುಣಗಳನ್ನು ಅಳೆಯುವುದು, ಒಂದು ವಿಷಯವಾಗಿದೆ. ಅಭ್ಯಾಸಕ್ಕೆ ಕೊಟ್ಟಿರುವ ಲಾಗ್ ಹಾಳೆಯಲ್ಲಿ ನಾಲ್ಕು ಪದರಗಳಿದ್ದು, ಎಣ್ಣೆ ಯಾವುದರಲ್ಲಿದೆ ಎಂದು ಕಾರಣಸಹಿತ ಹೇಳಬೇಕು. ನ್ಯೂಟ್ರಾನ್ ಮತ್ತು ಸಾಂದ್ರತೆ ಲಾಗ್‌ಗಳೆರಡನ್ನೂ ಮರಳುಗಲ್ಲಿನ ಮಾನಕ್ಕೆ ಹೊಂದಿಸಿ ಸರಂಧ್ರತೆಯಾಗಿ (ಶಿಲೆಯಲ್ಲಿ ರಂಧ್ರಗಳ ಪಾಲು), ಶೇಕಡಾವಾರಿನಲ್ಲಿ ಕೊಟ್ಟಿದ್ದಾರೆ.

ಮೇಲಿನಿಂದ ಕೆಳಕ್ಕೆ ಬಂದರೆ, ಮೊದಲನೆಯ ಪದರದಲ್ಲಿ ನೈಸರ್ಗಿಕ ಗಾಮಾ ಹೆಚ್ಚು, ನ್ಯೂಟ್ರಾನ್ 36, ಸಾಂದ್ರತೆ 16, ರೋಧಶೀಲತೆ (ವಿದ್ಯುತ್ತಿನ ಹರಿವಿಗೆ ಶಿಲೆ ಒಡ್ಡುವ ತಡೆ) 3 ಓಮ್-ಮೀಟರ್. ಉಳಿದ ಮೂರರಲ್ಲೂ ಗಾಮಾ ಕಡಿಮೆ. ಎರಡನೆಯದರಲ್ಲಿ ನ್ಯೂಟ್ರಾನ್ 9, ಸಾಂದ್ರತೆ 27, ರೋಧಶೀಲತೆ 40. ಮೂರನೆಯದರಲ್ಲಿ ನ್ಯೂಟ್ರಾನ್ 20, ಸಾಂದ್ರತೆ 20, ರೋಧಶೀಲತೆ 20. ನಾಲ್ಕನೆಯದರಲ್ಲಿ 22, 22 ಮತ್ತು ರೋಧಶೀಲತೆ ಬರೀ 1.

ನ್ಯೂಟ್ರಾನ್ ಅಳೆಯುವುದು ಹೈಡ್ರೋಜನ್ನನ್ನು, ಎಣ್ಣೆಯೆಂದರೆ ಹೈಡ್ರೋಕಾರ್ಬನ್. ಹಾಗಾದರೆ 36 ತೋರಿಸುವ ಮೊದಲನೆಯ ಪದರದಲ್ಲೇ ಎಣ್ಣೆ ಇರಬೇಕಲ್ಲವೇ? ರೋಧಶೀಲತೆ ಅತಿ ಹೆಚ್ಚಿರುವ ಎರಡನೆಯದು ಎಂದು ಸಹಪಾಠಿಗಳು ವಾದಿಸುತ್ತಿದ್ದಾರೆ. ಉತ್ತರಕ್ಕಿಂತ ಅದರ ಹಿಂದಿನ ತರ್ಕ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಲಾಗರ್:
ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ. ನ್ಯೂಟ್ರಾನ್ ಎಣ್ಣೆಯನ್ನು ಹುಡುಕುತ್ತದೆ ಎಂಬ ಮಾತನ್ನೇ ಮೊದಲು ಪಕ್ಕಕ್ಕಿಡಿ. ಸಾದಾ ನ್ಯೂಟ್ರಾನ್ ಉಪಕರಣಕ್ಕೆ ಎಣ್ಣೆಗೂ ನೀರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಅದಕ್ಕೆ ಕಾಣುವುದು ಹೈಡ್ರೋಜನ್ ಮಾತ್ರ, ಅದು ಯಾರ ಮನೆಯದೆಂದು ಅದು ಕೇಳುವುದಿಲ್ಲ. ಬೇರೆ ಲಾಗ್‌ಗಳ ಪಕ್ಕದಲ್ಲಿ ಇಟ್ಟಾಗ ಮಾತ್ರ ಅದರ ಸಂಖ್ಯೆಗೆ ಅರ್ಥ ಬರುತ್ತದೆ. ಸಂಜೆ ಬಿಡುವಾದಾಗ ನಿಮ್ಮ ಹಾಳೆಯನ್ನು ಪೂರ್ತಿ ಓದಿ ಹೇಳುತ್ತೇನೆ. ಅಷ್ಟರಲ್ಲಿ ಭೌತಶಾಸ್ತ್ರ ಬಲ್ಲವರು ಯಾರಾದರೂ ಘರ್ಷಣೆಯ ಲೆಕ್ಕ ವಿವರಿಸಲಿ.

ನಿಧಾನ ನ್ಯೂಟ್ರಾನ್:
ಆ ಭಾಗ ನನಗಿರಲಿ.

ಉಪಕರಣದ ತುದಿಯಲ್ಲಿ ಅಮೆರಿಸಿಯಂ-241 ಮತ್ತು ಬೆರಿಲಿಯಂ ಬೆರೆಸಿದ ಸಣ್ಣ ಮುಚ್ಚಿದ ಆಕರ ಇರುತ್ತದೆ. ಅಮೆರಿಸಿಯಂ ಹೊರಬಿಡುವ ಆಲ್ಫಾ ಕಣ ಬೆರಿಲಿಯಂಗೆ ಬಡಿದಾಗ ನ್ಯೂಟ್ರಾನ್ ಹೊರಬರುತ್ತದೆ. ಇಂಥ ಒಂದು ಆಕರ ಸೆಕೆಂಡಿಗೆ ಕೋಟಿಗಟ್ಟಲೆ ನ್ಯೂಟ್ರಾನ್‌ಗಳನ್ನು ಬಿಡುತ್ತದೆ; ಅವುಗಳ ಸರಾಸರಿ ಶಕ್ತಿ 4 ರಿಂದ 5 ಮೆಗಾ ಎಲೆಕ್ಟ್ರಾನ್ ವೋಲ್ಟ್. ಶಿಲೆಯೊಳಗೆ ನುಗ್ಗಿದ ನ್ಯೂಟ್ರಾನ್ ಒಂದಾದ ಮೇಲೊಂದು ಪರಮಾಣು ಬೀಜಕ್ಕೆ ಬಡಿಯುತ್ತ ಶಕ್ತಿ ಕಳೆದುಕೊಳ್ಳುತ್ತದೆ.

ಎಷ್ಟು ಬೇಗ ಕಳೆದುಕೊಳ್ಳುತ್ತದೆ ಎಂಬುದೇ ಇಲ್ಲಿ ಮುಖ್ಯ. ಗೋಲಿ ಆಡಿದವರಿಗೆ ಗೊತ್ತು: ಅಷ್ಟೇ ತೂಕದ ಗೋಲಿಗೆ ನೇರವಾಗಿ ಹೊಡೆದರೆ ಹೊಡೆದ ಗೋಲಿ ಅಲ್ಲೇ ನಿಂತು ಇನ್ನೊಂದು ಓಡುತ್ತದೆ, ಗುಂಡುಕಲ್ಲಿಗೆ ಹೊಡೆದರೆ ಅದೇ ವೇಗದಲ್ಲಿ ಹಿಂದಕ್ಕೆ ಪುಟಿಯುತ್ತದೆ. ನ್ಯೂಟ್ರಾನ್‌ನ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿರುವುದು ಹೈಡ್ರೋಜನ್ ಬೀಜ ಮಾತ್ರ. ಒಂದೇ ಘರ್ಷಣೆಯಲ್ಲಿ ನ್ಯೂಟ್ರಾನ್ ತನ್ನ ಶಕ್ತಿಯನ್ನೆಲ್ಲ ಹೈಡ್ರೋಜನ್‌ಗೆ ಕೊಟ್ಟುಬಿಡಬಹುದು. ಕಾರ್ಬನ್‌ಗೆ ಬಡಿದರೆ ಹೆಚ್ಚೆಂದರೆ ಶೇ 28, ಆಕ್ಸಿಜನ್‌ಗೆ ಶೇ 22, ಸಿಲಿಕಾನ್‌ಗೆ ಶೇ 13 ರಷ್ಟು. 2 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಿಂದ ಉಷ್ಣ ಮಟ್ಟಕ್ಕೆ, ಅಂದರೆ 0.025 ಎಲೆಕ್ಟ್ರಾನ್ ವೋಲ್ಟ್‌ಗೆ, ಇಳಿಯಲು ಬರೀ ಹೈಡ್ರೋಜನ್ ಇದ್ದರೆ ಸರಾಸರಿ 18 ಘರ್ಷಣೆ ಸಾಕು; ಕಾರ್ಬನ್ ಆದರೆ ಸುಮಾರು 115, ಆಕ್ಸಿಜನ್ ಆದರೆ ಸುಮಾರು 150 ಬೇಕು.

ಹೀಗಾಗಿ ಹೈಡ್ರೋಜನ್ ಹೆಚ್ಚಿರುವ ಶಿಲೆಯಲ್ಲಿ ನ್ಯೂಟ್ರಾನ್‌ಗಳು ಆಕರದ ಹತ್ತಿರವೇ ನಿಧಾನಗೊಂಡು ಅಲ್ಲೇ ಯಾವುದೋ ಬೀಜಕ್ಕೆ ಸಿಕ್ಕಿ ಮುಗಿದುಹೋಗುತ್ತವೆ. ಹೈಡ್ರೋಜನ್ ಕಡಿಮೆಯಿದ್ದರೆ ದೂರದವರೆಗೆ ಹರಡುತ್ತವೆ. ಉಪಕರಣದಲ್ಲಿ ಆಕರದಿಂದ ಬೇರೆ ಬೇರೆ ದೂರಗಳಲ್ಲಿ ಎರಡು ಹೀಲಿಯಂ-3 ಶೋಧಕಗಳಿರುತ್ತವೆ. ಹತ್ತಿರದ ಎಣಿಕೆಯನ್ನು ದೂರದ ಎಣಿಕೆಯಿಂದ ಭಾಗಿಸಿದಾಗ ಬರುವ ಅನುಪಾತವೇ ಸರಂಧ್ರತೆಯಾಗಿ ಕಾಗದದ ಮೇಲೆ ಬೀಳುತ್ತದೆ. ಒಂದೇ ಶೋಧಕ ಇದ್ದರೆ ಬಾವಿಯ ಅಗಲ ಸ್ವಲ್ಪ ಬದಲಾದರೂ ಎಣಿಕೆ ಕೆಡುತ್ತದೆ. ಅನುಪಾತ ತೆಗೆದುಕೊಂಡರೆ ಆ ದೋಷದ ಬಹುಪಾಲು ಕಳಚಿಹೋಗುತ್ತದೆ.

ಕುತೂಹಲಿ:
ನಾನು ಈ ಕ್ಷೇತ್ರದವನಲ್ಲ, ರಸಾಯನಶಾಸ್ತ್ರ ಪಾಠ ಹೇಳುವವನು. ಒಂದು ಸಂದೇಹ. ನೀರಿನ ಒಂದು ಅಣುವಿನಲ್ಲಿ ಎರಡೇ ಹೈಡ್ರೋಜನ್. ಎಣ್ಣೆಯ ಅಣುವಿನಲ್ಲಿ ಹತ್ತಾರು. ಆದರೂ ಎರಡೂ ಒಂದೇ ರೀತಿ ಕಾಣುವುದು ಹೇಗೆ?

ನಿಧಾನ ನ್ಯೂಟ್ರಾನ್:
ಅಣುವಿನ ಲೆಕ್ಕ ಬಿಟ್ಟು ಘನ ಸೆಂಟಿಮೀಟರಿನ ಲೆಕ್ಕ ಹಿಡಿಯಿರಿ, ನಿಮಗೇ ಗೊತ್ತಾಗುತ್ತದೆ. ಒಂದು ಗ್ರಾಂ ನೀರಿನ ಒಂಬತ್ತನೇ ಒಂದು ಭಾಗ ಹೈಡ್ರೋಜನ್, ಅಂದರೆ ಘನ ಸೆಂಟಿಮೀಟರಿಗೆ 0.111 ಗ್ರಾಂ. ಇದನ್ನೇ 1 ಎಂದು ಹಿಡಿದು ಉಳಿದವನ್ನು ಅಳೆಯುತ್ತಾರೆ. ಇದಕ್ಕೆ ಹೈಡ್ರೋಜನ್ ಸೂಚ್ಯಂಕ ಎಂದು ಹೆಸರು. ಪ್ರತಿ ಕಾರ್ಬನ್‌ಗೆ 1.8 ಹೈಡ್ರೋಜನ್ ಇರುವ, 0.85 ಸಾಂದ್ರತೆಯ ಎಣ್ಣೆಯನ್ನು ತೆಗೆದುಕೊಳ್ಳಿ. 0.85 ಅನ್ನು 1.8 ರಿಂದ ಗುಣಿಸಿ 13.8 ರಿಂದ ಭಾಗಿಸಿದರೆ ಬರುವುದು 0.111. ನೀರಿನದೇ ಸಂಖ್ಯೆ! ಎಣ್ಣೆಯ ಗುಣ ಬದಲಾದಂತೆ ಇದು ಸ್ವಲ್ಪ ಅತ್ತಿತ್ತ ಆಗುತ್ತದೆ, ಆದರೆ ಆ ಅಂತರ ಉಪಕರಣದ ಅನಿಶ್ಚಿತತೆಯೊಳಗೇ ಮುಳುಗಿಹೋಗುತ್ತದೆ.

ಅನಿಲದ ಕಥೆ ಬೇರೆ. ಮೀಥೇನ್ ಅಣುವಿನ ತೂಕದಲ್ಲಿ ಕಾಲುಭಾಗ ಹೈಡ್ರೋಜನ್ ಆದರೂ, ನೆಲದಡಿಯ ಒತ್ತಡದಲ್ಲಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.1 ಗ್ರಾಂ ಇದ್ದರೆ ಸೂಚ್ಯಂಕ 0.23 ರಷ್ಟೇ. ಅನಿಲ ತುಂಬಿದ ರಂಧ್ರಗಳು ನ್ಯೂಟ್ರಾನ್‌ಗೆ ಮುಕ್ಕಾಲು ಪಾಲು ಖಾಲಿಯಂತೆ ಕಾಣುತ್ತವೆ.

ಹಳೆಯ ಲಾಗರ್:
ಈಗ ಹಾಳೆಗೆ ಬರೋಣ. ಓದುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ.

ನಾಲ್ಕನೆಯ ಪದರದಲ್ಲಿ ನ್ಯೂಟ್ರಾನ್, ಸಾಂದ್ರತೆ ಎರಡೂ 22. ಜೇಡಿಯಿಲ್ಲದ ಮರಳುಗಲ್ಲು, ರಂಧ್ರಗಳಲ್ಲಿ ದ್ರವವಿದೆ. ರೋಧಶೀಲತೆ 1 ಮಾತ್ರ. ಆಳದ ನೀರು ಉಪ್ಪಾಗಿರುವುದರಿಂದ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಇದು ನೀರಿನ ಪದರ. ಇದನ್ನು ತಿರಸ್ಕರಿಸಬೇಡಿ, ಹಾಳೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಪದರ ಇದೇ. ಸರಂಧ್ರತೆ, ರೋಧಶೀಲತೆಗಳಿಂದ ರಂಧ್ರಗಳಲ್ಲಿ ನೀರಿನ ಪಾಲೆಷ್ಟೆಂದು ಹೇಳುವ, 1942 ರಲ್ಲಿ ಆರ್ಚಿ ಪ್ರಕಟಿಸಿದ ಸೂತ್ರವನ್ನು ಇಲ್ಲಿ ತಿರುಗಿಸಿ ಬಳಸಿದರೆ, ಅಂದರೆ ಸರಂಧ್ರತೆಯ ವರ್ಗವನ್ನು ರೋಧಶೀಲತೆಯಿಂದ ಗುಣಿಸಿದರೆ, ಆ ನೀರಿನ ಸ್ವಂತ ರೋಧಶೀಲತೆ 0.048 ಎಂದು ಸಿಗುತ್ತದೆ. 0.05 ಎಂದಿಟ್ಟುಕೊಳ್ಳೋಣ.

ಮೂರನೆಯ ಪದರದಲ್ಲಿ ಎರಡು ಲಾಗ್‌ಗಳೂ ಮತ್ತೆ ಒಂದೇ ಮಾತು ಹೇಳುತ್ತಿವೆ: 20. ಅಂದರೆ ಇಲ್ಲೂ ದ್ರವವೇ. ಆದರೆ ರೋಧಶೀಲತೆ 20 ಕ್ಕೆ ಏರಿದೆ. 0.05 ಅನ್ನು 0.04 ಮತ್ತು 20 ರ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ 0.25. ರಂಧ್ರಗಳ ಕಾಲುಭಾಗ ನೀರು. ಉಳಿದ ಮುಕ್ಕಾಲು ಭಾಗ ವಿದ್ಯುತ್ತು ಹರಿಯಲು ಬಿಡದ, ಹೈಡ್ರೋಜನ್‌ನಲ್ಲಿ ಮಾತ್ರ ನೀರಿಗೆ ಸಮನಾದ ದ್ರವ. ನಿಮ್ಮ ಎಣ್ಣೆ ಅಲ್ಲಿದೆ. ಗಮನಿಸಿ, ಎಣ್ಣೆಯನ್ನು ಹಿಡಿದುಕೊಟ್ಟದ್ದು ರೋಧಶೀಲತೆ. ನ್ಯೂಟ್ರಾನ್ ಮಾಡಿದ ಕೆಲಸ ಎರಡು: ಸರಂಧ್ರತೆ ಎಷ್ಟೆಂದು ಹೇಳಿತು, ಅನಿಲ ಅಲ್ಲವೆಂದು ಸಾಕ್ಷಿ ನುಡಿಯಿತು.

ಎರಡನೆಯದು ಅನಿಲ. ಅನಿಲ ಹಗುರವಾದ್ದರಿಂದ ಸಾಂದ್ರತೆ ಲಾಗ್ ಮೋಸಹೋಗಿ ಸರಂಧ್ರತೆ ಹೆಚ್ಚೆಂದು ತೋರಿಸುತ್ತದೆ. ಹೈಡ್ರೋಜನ್ ವಿರಳವಾದ್ದರಿಂದ ನ್ಯೂಟ್ರಾನ್ ಮೋಸಹೋಗಿ ಕಡಿಮೆ ತೋರಿಸುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ತಪ್ಪುವುದೇ ನಮ್ಮ ಭಾಗ್ಯ. ಲಾಗ್ ಹಾಳೆಯಲ್ಲಿ ಎರಡು ರೇಖೆಗಳು ಒಂದನ್ನೊಂದು ದಾಟಿ ಮಧ್ಯೆ ಜಾಗ ಬಿಡುತ್ತವೆ. ಆ ಜಾಗಕ್ಕೆ ಬಣ್ಣ ತುಂಬಿ ಕೊಡುವುದು ರೂಢಿ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ನಿಜವಾದ ಸರಂಧ್ರತೆಗೆ ಎರಡರ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಕಂಡುಹಿಡಿಯಿರಿ: 81 ಮತ್ತು 729 ರ ಸರಾಸರಿ 405, ಅದರ ಮೂಲ ಸುಮಾರು 20. ಪಕ್ಕದ ಎಣ್ಣೆ ಪದರದ್ದೇ ಶಿಲೆ!

ಮೊದಲನೆಯದು ಜೇಡಿಶಿಲೆ, ಅಂದರೆ ಶೇಲ್; ಹೆಚ್ಚಿನ ಗಾಮಾ ಅದರ ಗುರುತು. ಅನಿಲ ಮೇಲಕ್ಕೆ ಹೋಗದಂತೆ ಮುಚ್ಚಳ ಹಾಕಿ ಕೂತಿದೆ.

ಪದರಗಲ್ಲು:
ಧನ್ಯವಾದಗಳು ಲಾಗರ್ ಸರ್. ಆದರೆ ಶೇಲ್‌ನಲ್ಲಿ 36 ಬಂದದ್ದು ಎಲ್ಲಿಂದ? ಅದರಲ್ಲಿ ಹರಿಯುವ ದ್ರವವೇ ಇಲ್ಲವಲ್ಲ.

ಹಳೆಯ ಲಾಗರ್:
ಜೇಡಿ ಖನಿಜಗಳ ರಚನೆಯಲ್ಲೇ ಹೈಡ್ರಾಕ್ಸಿಲ್ ಇದೆ, ಮೇಲ್ಮೈಗೆ ಅಂಟಿಕೊಂಡ ನೀರೂ ಇದೆ. ಆ ಹೈಡ್ರೋಜನ್ ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಪಂಪ್ ಹಾಕಿದರೆ ಹನಿಯೂ ಬರುವುದಿಲ್ಲ.

ಆ 36 ಅನ್ನು ನಂಬಿ ಆರ್ಚಿ ಸೂತ್ರಕ್ಕೆ ಹಾಕಿ ನೋಡಿ, ತಮಾಷೆಯಿದೆ. 0.36 ರ ವರ್ಗ 0.13, ರೋಧಶೀಲತೆ 3. ನೀರಿನ ಪಾಲು 0.36 ಎಂದು ಬರುತ್ತದೆ. ಅಂದರೆ ಕಾಗದದ ಮೇಲೆ ಶೇ 64 ರಷ್ಟು ಎಣ್ಣೆ ತುಂಬಿದ, ಶೇ 36 ಸರಂಧ್ರತೆಯ ಅದ್ಭುತ ಪದರ! ಇಂಥ ಪದರಗಳನ್ನು ಹೊತ್ತ ವರದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ತಂತ್ರಾಂಶಕ್ಕೆ ಸಂಖ್ಯೆ ಕೊಟ್ಟರೆ ಅದು ಸಂಖ್ಯೆಯನ್ನೇ ಹಿಂದಿರುಗಿಸುತ್ತದೆ, ಇದು ಶೇಲ್ ಕಣಯ್ಯಾ ಎಂದು ಎಚ್ಚರಿಸುವುದಿಲ್ಲ. ಗಾಮಾ ರೇಖೆ ನೋಡದೆ ನ್ಯೂಟ್ರಾನ್ ರೇಖೆ ಓದಬಾರದು.

ಸುಣ್ಣಕಲ್ಲು:
ಮರಳುಗಲ್ಲಿನವರೆಲ್ಲ ಸೇರಿ ವಿಷಯವನ್ನು ತೀರ ಸರಳ ಮಾಡಿಬಿಟ್ಟಿರಿ. ಹಾಳೆಯನ್ನು ಮರಳುಗಲ್ಲಿನ ಮಾನಕ್ಕೆ ಹೊಂದಿಸಿ ಕೊಟ್ಟದ್ದು ಈ ವಿದ್ಯಾರ್ಥಿಯ ಪುಣ್ಯ. ನ್ಯೂಟ್ರಾನ್ ಲಾಗ್ ಸಾಮಾನ್ಯವಾಗಿ ಸುಣ್ಣಕಲ್ಲಿನ ಮಾನದಲ್ಲೇ ಬರುತ್ತದೆ. ಅದೇ ಮಾನದಲ್ಲಿ ಮರಳುಗಲ್ಲನ್ನು ಓದಿದರೆ ನಿಜಕ್ಕಿಂತ ಸುಮಾರು 4 ಅಂಶ ಕಡಿಮೆ ಕಾಣುತ್ತದೆ, ಡಾಲೊಮೈಟ್ ಹೆಚ್ಚು ಕಾಣುತ್ತದೆ. ಸಾಂದ್ರತೆ ಲಾಗ್ ಕೂಡ ಅದೇ ಮಾನದಲ್ಲಿದ್ದರೆ ಮರಳುಗಲ್ಲಿನಲ್ಲಿ ಎರಡು ರೇಖೆಗಳು ಅನಿಲವೇ ಇಲ್ಲದೆಯೂ ಸ್ವಲ್ಪ ದಾಟಿಕೊಳ್ಳುತ್ತವೆ. ಅದನ್ನು ನೋಡಿ ಅನಿಲ ಸಿಕ್ಕಿತೆಂದು ಕುಣಿಯುವವರಿಗೆ ಕೊರತೆಯಿಲ್ಲ.

ಜಿಪ್ಸಂ ಇನ್ನೂ ಕಿಲಾಡಿ. ಪ್ರತಿ ಕ್ಯಾಲ್ಸಿಯಂ ಸಲ್ಫೇಟ್‌ಗೆ ಎರಡು ನೀರಿನ ಅಣುಗಳನ್ನು ಸ್ಫಟಿಕದೊಳಗೆ ಕಟ್ಟಿಟ್ಟುಕೊಂಡಿರುವುದರಿಂದ, ಒಂದು ರಂಧ್ರವೂ ಇಲ್ಲದ ಗಟ್ಟಿ ಜಿಪ್ಸಂ ಸುಮಾರು ಶೇ 60 ಸರಂಧ್ರತೆ ತೋರಿಸುತ್ತದೆ. ಅದೇ ಖನಿಜ ನೀರು ಕಳೆದುಕೊಂಡು ಅನ್‌ಹೈಡ್ರೈಟ್ ಆದರೆ ಸೊನ್ನೆಯ ಆಸುಪಾಸು. ಯಾವ ಮಾನದಲ್ಲಿ ಅಚ್ಚಾಗಿದೆ ಎಂದು ಹಾಳೆಯ ತಲೆಭಾಗದಲ್ಲಿ ಬರೆದಿರುತ್ತಾರೆ. ಮೊದಲು ಅದನ್ನು ಓದಿ, ಆಮೇಲೆ ರೇಖೆ.

ಕುತೂಹಲಿ:
ಹೊಸ ಬಾವಿಯ ವಿಷಯ ಅರ್ಥವಾಯಿತು. ಆದರೆ ಹಲವು ವರ್ಷಗಳಿಂದ ಎಣ್ಣೆ ತೆಗೆಯುತ್ತಿರುವ ಬಾವಿಯಲ್ಲಿ ಉಕ್ಕಿನ ಕೇಸಿಂಗ್ ಪೈಪ್ ಇಳಿಸಿ ಸಿಮೆಂಟ್ ಹಾಕಿರುತ್ತಾರೆ. ಉಕ್ಕಿನ ಆಚೆ ರೋಧಶೀಲತೆ ಅಳೆಯುವುದು ಹೇಗೆ? ಅದಿಲ್ಲದೆ ಎಣ್ಣೆ, ನೀರು ಬೇರೆ ಮಾಡಲಾಗದು ಎಂದಿರಿ.

ಹಳೆಯ ಲಾಗರ್:
ಒಳ್ಳೆಯ ಪ್ರಶ್ನೆ. ನ್ಯೂಟ್ರಾನ್ ನಿಜವಾಗಿ ಮೆರೆಯುವುದು ಅಲ್ಲೇ. ಉಕ್ಕಿನ ಕೊಳವೆ ವಿದ್ಯುತ್ತನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ, ಅದಕ್ಕೆಂದೇ ಮಾಡಿದ ವಿಶೇಷ ಉಪಕರಣಗಳಿದ್ದರೂ ಅವಕ್ಕೆ ಮಿತಿಗಳಿವೆ. ನ್ಯೂಟ್ರಾನ್‌ಗೆ ವಿದ್ಯುದಂಶವಿಲ್ಲ, ಉಕ್ಕು, ಸಿಮೆಂಟ್ ಎರಡನ್ನೂ ದಾಟಿ ಹೋಗುತ್ತದೆ.

ಇಲ್ಲಿ ಬಳಸುವುದು ಮೇಲೆ ಹೇಳಿದ ಅಮೆರಿಸಿಯಂ-ಬೆರಿಲಿಯಂ ಆಕರವಲ್ಲ, ಮಿಡಿತದ ನ್ಯೂಟ್ರಾನ್ ಜನಕ. ಸಣ್ಣ ಕೊಳವೆಯೊಂದರಲ್ಲಿ ಡ್ಯೂಟೀರಿಯಂ ಅಯಾನುಗಳನ್ನು ಟ್ರಿಟಿಯಂಗೆ ಬಡಿಸಿದರೆ 14 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳು ಹುಟ್ಟುತ್ತವೆ. ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಹೊತ್ತಿಸಿ ಆರಿಸಬಹುದು. ಮಿಡಿತ ನಿಂತ ಮೇಲೆ ನ್ಯೂಟ್ರಾನ್‌ಗಳು ಎಷ್ಟು ಬೇಗ ಕರಗಿಹೋಗುತ್ತವೆ ಎಂದು, ಅವು ಹಿಡಿಯಲ್ಪಟ್ಟಾಗ ಹೊಮ್ಮುವ ಗಾಮಾ ಕಿರಣಗಳ ಮೂಲಕ ನೋಡುತ್ತಾರೆ. ಕ್ಲೋರಿನ್ ನಿಧಾನ ನ್ಯೂಟ್ರಾನ್‌ಗಳನ್ನು ಹೈಡ್ರೋಜನ್‌ಗಿಂತ ನೂರು ಪಟ್ಟು ಹಸಿವಿನಿಂದ ನುಂಗುತ್ತದೆ. ಉಪ್ಪುನೀರಿನಲ್ಲಿ ಕ್ಲೋರಿನ್ ಇದೆ, ಎಣ್ಣೆಯಲ್ಲಿ ಇಲ್ಲ. ಈ ನುಂಗುವ ಗುಣಕ್ಕೆ ಸಿಗ್ಮಾ ಎಂದು ಹೆಸರು.

ಲೆಕ್ಕ ಸುಲಭ. ಸರಂಧ್ರತೆ ಶೇ 30, ಶಿಲೆಯ ಸಿಗ್ಮಾ 10, ಎಣ್ಣೆಯದು 20, ಉಪ್ಪುನೀರಿನದು 60 ಎಂದುಕೊಳ್ಳಿ. ರಂಧ್ರಗಳ ತುಂಬ ಎಣ್ಣೆಯೇ ಇದ್ದರೆ ಒಟ್ಟು 13. ನೀರೇ ಇದ್ದರೆ 25. ಉಪಕರಣ 16 ಎಂದರೆ ಶೇ 25 ನೀರು. ವರ್ಷ ಬಿಟ್ಟು ಅದೇ ಬಾವಿಯಲ್ಲಿ ಮತ್ತೆ ಅಳೆದು 21 ಬಂದರೆ ನೀರು ಮೇಲೇರುತ್ತಿದೆ ಎಂದು ಅರ್ಥ. ಮೊದಲ ಅಳತೆಯೇ ಆಧಾರವಾಗಿರುವುದರಿಂದ ಶಿಲೆಯ ಬಗ್ಗೆ ಇರುವ ಅರ್ಧ ಸಂದೇಹಗಳು ಕಳೆಯುವ ಲೆಕ್ಕದಲ್ಲೇ ಹೊರಟುಹೋಗುತ್ತವೆ. ನನಗೆ ಕೇಳಿದರೆ ನ್ಯೂಟ್ರಾನ್ ಲಾಗಿಂಗ್‌ನ ಅತ್ಯುತ್ತಮ ಉಪಯೋಗ ಇದೇ.

ನಿಧಾನ ನ್ಯೂಟ್ರಾನ್:
ನೀರು ಉಪ್ಪಾಗಿದ್ದರೆ ಮಾತ್ರ. ಸಿಹಿನೀರಿನ ಸಿಗ್ಮಾ ಸುಮಾರು 22. ನಿಮ್ಮದೇ ಉದಾಹರಣೆಯಲ್ಲಿ 60 ರ ಜಾಗದಲ್ಲಿ 22 ಹಾಕಿದರೆ ನೀರು ತುಂಬಿದ ಪದರ 13.6, ಎಣ್ಣೆ ತುಂಬಿದ್ದು 13. ಈ ವ್ಯತ್ಯಾಸದಿಂದ ಏನು ನಿರ್ಧರಿಸಲು ಸಾಧ್ಯ? ಎಣ್ಣೆಯನ್ನು ತಳ್ಳಲು ಸಿಹಿನೀರನ್ನು ಒಳಗೆ ಪಂಪ್ ಮಾಡಿದ ಕ್ಷೇತ್ರಗಳಲ್ಲಿ ಇದೇ ತಾಪತ್ರಯ.

ಹಳೆಯ ಲಾಗರ್:
ಒಪ್ಪಿದೆ. ಅಂಥಲ್ಲಿ ಕಾರ್ಬನ್-ಆಕ್ಸಿಜನ್ ಲಾಗ್ ಇಳಿಸುತ್ತಾರೆ. 14 ಮೆಗಾ ಎಲೆಕ್ಟ್ರಾನ್ ವೋಲ್ಟ್ ನ್ಯೂಟ್ರಾನ್ ಇನ್ನೂ ವೇಗದಲ್ಲಿರುವಾಗಲೇ ಬೀಜಕ್ಕೆ ಬಡಿದು ಅದನ್ನು ಉದ್ರೇಕಿಸಿದರೆ, ಕಾರ್ಬನ್ 4.43 ಮತ್ತು ಆಕ್ಸಿಜನ್ 6.13 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣ ಬಿಡುತ್ತವೆ. ಎಣ್ಣೆಯಲ್ಲಿ ಕಾರ್ಬನ್, ನೀರಿನಲ್ಲಿ ಆಕ್ಸಿಜನ್. ನ್ಯೂಟ್ರಾನ್ ಎಣ್ಣೆಯನ್ನು ಕಾಣುತ್ತದೆ ಎಂದು ಯಾವ ಲಾಗ್ ಬಗ್ಗೆಯಾದರೂ ಹೇಳಬಹುದಾದರೆ ಇದೊಂದರ ಬಗ್ಗೆ.

ಬೆಲೆ ತೆರಬೇಕು. ಸಂಕೇತ ದುರ್ಬಲವಾದ್ದರಿಂದ ಉಪಕರಣವನ್ನು ತುಂಬ ನಿಧಾನವಾಗಿ ಎಳೆಯಬೇಕು, ಅಥವಾ ಒಂದೊಂದು ಕಡೆ ನಿಲ್ಲಿಸಿ ಎಣಿಸಬೇಕು. ಸರಂಧ್ರತೆ ಶೇ 15 ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಸುಣ್ಣಕಲ್ಲು:
ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶಿಲೆಯೇ ಕಾರ್ಬನ್ ಹೊತ್ತು ಕೂತಿದೆ. ನಮ್ಮ ಕಡೆಯವರಿಗೆ ಈ ಲಾಗ್ ಕೊಟ್ಟಾಗಲೆಲ್ಲ ಕ್ಯಾಲ್ಸಿಯಂ ಎಷ್ಟು, ಸಿಲಿಕಾನ್ ಎಷ್ಟು ಎಂದು ಬೇರೆಯಾಗಿ ಅಳೆದು ಶಿಲೆಯ ಪಾಲನ್ನು ಕಳೆದಿದ್ದೀರಾ ಎಂದು ಕೇಳುವುದು ನನ್ನ ಅಭ್ಯಾಸ. ಬಹಳ ಸಲ ಮೌನವೇ ಉತ್ತರ.

ಹೊಸಬ:
ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಇಷ್ಟೊಂದು ನ್ಯೂಟ್ರಾನ್ ಬಿಟ್ಟರೆ ಶಿಲೆ, ನೀರು ವಿಕಿರಣಶೀಲ ಆಗುವುದಿಲ್ಲವೇ? ಆಕರ ಕೆಳಗೇ ಸಿಕ್ಕಿಕೊಂಡರೆ ಏನು ಮಾಡುತ್ತಾರೆ?

ನಿಧಾನ ನ್ಯೂಟ್ರಾನ್:
ಆಗುತ್ತದೆ, ಅತ್ಯಲ್ಪ ಪ್ರಮಾಣದಲ್ಲಿ, ಅಲ್ಪಕಾಲಕ್ಕೆ. ಅಲ್ಯೂಮಿನಿಯಂ-28 ರ ಅರ್ಧಾಯುಷ್ಯ ಎರಡು ನಿಮಿಷ ಚಿಲ್ಲರೆ, ಸೋಡಿಯಂ-24 ರದು 15 ಗಂಟೆ. ಆಕ್ಸಿಜನ್‌ನಿಂದ ಹುಟ್ಟುವ ನೈಟ್ರೋಜನ್-16 ರದು ಬರೀ 7 ಸೆಕೆಂಡು. ಇದನ್ನೇ ಉಪಾಯವಾಗಿ ಬಳಸುವವರೂ ಇದ್ದಾರೆ: ಕೇಸಿಂಗ್ ಹಿಂದೆ ನೀರು ಹರಿಯುತ್ತಿದ್ದರೆ ಆ ವಿಕಿರಣಶೀಲ ನೀರು ಶೋಧಕವನ್ನು ದಾಟುವ ಹೊತ್ತನ್ನು ಹಿಡಿದು ವೇಗ ಅಳೆಯುತ್ತಾರೆ.

ಹಳೆಯ ಲಾಗರ್:
ಸಿಕ್ಕಿಕೊಳ್ಳುವುದು ನಿಜವಾದ ಭಯ. ಅಮೆರಿಸಿಯಂ-241 ರ ಅರ್ಧಾಯುಷ್ಯ 432 ವರ್ಷ. ಮೊದಲು ಕೊಂಡಿ ಇಳಿಸಿ ಮೇಲೆತ್ತಲು ನೋಡುತ್ತಾರೆ. ಆಕರ ಒಡೆಯುವ ಅಪಾಯವಿರುವುದರಿಂದ ಅವಸರ ಮಾಡುವಂತಿಲ್ಲ. ಕೊನೆಗೂ ಬರದಿದ್ದರೆ, ಉದಾಹರಣೆಗೆ ಅಮೆರಿಕದ ನಿಯಮಗಳ ಪ್ರಕಾರ, ಅದನ್ನು ಸಿಮೆಂಟಿನಿಂದ ಅಲ್ಲೇ ಹುಗಿದು, ಮುಂದೆ ಯಾರೂ ಅರಿಯದೆ ಅದರ ಮೇಲೆ ಕೊರೆಯದಂತೆ ತಡೆ ಇಟ್ಟು, ಬಾವಿಯ ಬಾಯಿಗೆ ಶಾಶ್ವತ ಎಚ್ಚರಿಕೆ ಫಲಕ ಹಾಕಬೇಕು. ವಿದ್ಯುತ್ತಿನಿಂದ ನಡೆಯುವ ಮಿಡಿತದ ನ್ಯೂಟ್ರಾನ್ ಜನಕದ ದೊಡ್ಡ ಅನುಕೂಲವೆಂದರೆ ಸ್ವಿಚ್ ಆರಿಸಿದರೆ ನ್ಯೂಟ್ರಾನ್ ನಿಲ್ಲುತ್ತದೆ. ಒಳಗಿನ ಸ್ವಲ್ಪ ಟ್ರಿಟಿಯಂ ಮಾತ್ರ ಉಳಿಯುತ್ತದೆ. ಅಂದಹಾಗೆ, ಆಕರ ಸಾಗಿಸುವ ಪೆಟ್ಟಿಗೆಯಲ್ಲಿ ಸೀಸ ಹುಡುಕಬೇಡಿ. ಹೈಡ್ರೋಜನ್ ತುಂಬಿದ ಪ್ಲಾಸ್ಟಿಕ್ ಇರುತ್ತದೆ, ಕಾರಣ ಮೇಲೆಯೇ ಬಂದಿದೆ.

ಕುತೂಹಲಿ:
ಇದನ್ನು ಮೊದಲು ಯೋಚಿಸಿದವರು ಯಾರು?

ನಿಧಾನ ನ್ಯೂಟ್ರಾನ್:
ಬ್ರೂನೋ ಪಾಂಟೆಕೊರ್ವೊ. 1934 ರಲ್ಲಿ ರೋಮ್‌ನಲ್ಲಿ ಫರ್ಮಿಯ ತಂಡ ಮೇಣದಂಥ ಹೈಡ್ರೋಜನ್‌ಯುಕ್ತ ವಸ್ತು ನ್ಯೂಟ್ರಾನ್‌ಗಳನ್ನು ನಿಧಾನಗೊಳಿಸುತ್ತದೆ ಎಂದು ಕಂಡುಕೊಂಡಾಗ ಅವರು ಆ ತಂಡದ ಕಿರಿಯ ಸದಸ್ಯ. ಯುರೋಪಿನ ಯುದ್ಧದಿಂದ ಪಾರಾಗಿ 1940 ರಲ್ಲಿ ಓಕ್ಲಹಾಮದ ತುಲ್ಸಾದ ಲಾಗಿಂಗ್ ಕಂಪನಿಯೊಂದನ್ನು ಸೇರಿದರು. 1941 ರಲ್ಲಿ ನ್ಯೂಟ್ರಾನ್ ಲಾಗಿಂಗ್ ಬಗ್ಗೆ ಪ್ರಕಟಿಸಿದರು. ಅಲ್ಲಿಗೆ ನ್ಯೂಟ್ರಾನ್ ಪತ್ತೆಯಾಗಿ ಒಂಬತ್ತೇ ವರ್ಷ. 1950 ರಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಹೊರಟುಹೋದದ್ದು ಬೇರೆಯದೇ ಕಥೆ, ಇಲ್ಲಿ ಬೇಡ. ಮಂಗಳನ ಮೇಲಿನ ಕ್ಯೂರಿಯಾಸಿಟಿ ವಾಹನದಲ್ಲೂ ರಷ್ಯಾದಲ್ಲಿ ತಯಾರಾದ ಮಿಡಿತದ ನ್ಯೂಟ್ರಾನ್ ಜನಕವೊಂದಿದೆ. ನೆಲದಡಿಯ ಹೈಡ್ರೋಜನ್ ಹುಡುಕುವುದು ಅದರ ಕೆಲಸ.

ಪದರಗಲ್ಲು:
ಕೊನೆಯ ಪ್ರಶ್ನೆ. ಬಾವಿ ಕೊರೆಯುವಾಗ ಅದರೊಳಗೆ ತುಂಬುವ ಕೆಸರಿನ ನೀರು ಶಿಲೆಯೊಳಗೆ ಇಳಿದು ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಓದಿದ್ದೇನೆ. ನ್ಯೂಟ್ರಾನ್ ನೋಡುವುದು ಸುಮಾರು 25 ಸೆಂಟಿಮೀಟರ್ ಒಳಗೆ ಮಾತ್ರ. ಹಾಗಿದ್ದರೆ ಅದು ನೋಡುತ್ತಿರುವುದು ಎಣ್ಣೆಯನ್ನೇ ಅಲ್ಲ, ಕೆಸರಿನ ನೀರನ್ನು. ಮೂರನೆಯ ಪದರದ 20 ನಂಬಲು ಯೋಗ್ಯವೇ?

ಹಳೆಯ ಲಾಗರ್:
ಯೋಗ್ಯ. ಎಣ್ಣೆ ಹೋಗಿ ನೀರು ಬಂದರೂ ಹೈಡ್ರೋಜನ್ ಅಷ್ಟೇ ಇರುತ್ತದೆ, ಆದ್ದರಿಂದ ಸರಂಧ್ರತೆ ಕೆಡುವುದಿಲ್ಲ. ನೀರಿಗೂ ಎಣ್ಣೆಗೂ ವ್ಯತ್ಯಾಸ ಕಾಣದಿರುವುದು ಇಲ್ಲಿ ವರವಾಯಿತು. ಎಣ್ಣೆಯ ಪಾಲನ್ನು ಹೇಳುವ ರೋಧಶೀಲತೆ ಮಾತ್ರ ಮೀಟರಿಗೂ ಹೆಚ್ಚು ಒಳಗೆ, ಕೆಸರು ತಲುಪದ ಜಾಗವನ್ನು ನೋಡಿದ್ದಾಗಿರಬೇಕು. ನಿಮ್ಮ ಹಾಳೆಯ 20 ಆಳದ ಓದುವಿಕೆಯೇ ಎಂದು ಖಚಿತಪಡಿಸಿಕೊಳ್ಳಿ.

ತೊಂದರೆ ಅನಿಲ ಪದರದಲ್ಲಿ. ಅಲ್ಲಿ ಕೆಸರಿನ ನೀರು ನುಗ್ಗಿದರೆ ಹೈಡ್ರೋಜನ್ ಏರುತ್ತದೆ, ರೇಖೆಗಳ ನಡುವಿನ ಜಾಗ ಕುಗ್ಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವಾಗಿ ಎಣ್ಣೆಯಂತೆ ಕಾಣುತ್ತದೆ. ಸಂದೇಹವಿದ್ದರೆ ಕೇಸಿಂಗ್ ಹಾಕಿದ ಕೆಲವು ವಾರಗಳ ಮೇಲೆ ನ್ಯೂಟ್ರಾನ್ ಮತ್ತೆ ಇಳಿಸಿ. ಕೆಸರಿನ ನೀರು ಅಷ್ಟರಲ್ಲಿ ಹರಡಿಹೋಗಿ ಅನಿಲ ಬಾವಿಯ ಬಳಿಗೆ ಮರಳಿರುತ್ತದೆ. ಮೊದಲಿಗಿಂತ ಕಡಿಮೆ ಓದಿದರೆ ಅದು ಅನಿಲ, ಹಾಗೆಯೇ ಇದ್ದರೆ ಎಣ್ಣೆ ಅಥವಾ ನೀರು.

ಉತ್ತರ ಬರೆಯುವಾಗ ಎರಡನೆಯ ಪದರಕ್ಕೆ 27 ಆಗಲಿ 9 ಆಗಲಿ ಹಾಕಬೇಡಿ, 20 ಹಾಕಿ. ನೀರಿನ ಪಾಲು ಸುಮಾರು ಶೇ 18 ಬರಬೇಕು. ಬರದಿದ್ದರೆ ಲೆಕ್ಕವನ್ನು ಇಲ್ಲೇ ಹಾಕಿ, ನೋಡೋಣ.